ಪ್ರಾಕ್ಟಿಕಲ್‌ನಲ್ಲಿ ಕಂಡಿದ್ದನ್ನ ಕಂಡ ಹಾಗೆ ಬರೆದವರಿಗೆ ಮಾರ್ಕ್ಸ್ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಫಿಸಿಕ್ಸ್‌ನಲ್ಲಿ ಡಿಗ್ರಿ ಮಾಡಿ, ಆಮೇಲೆ ಅದೇ ಡಿಗ್ರಿ ಓದೋ ಮಕ್ಕಳಿಗೆ ಪ್ರಾಕ್ಟಿಕಲ್ ಕ್ಲಾಸ್ ತಗೊಳ್ತಾ ಬಂದಿರೋಳು. ಫಿಸಿಕ್ಸ್ ಡಿಗ್ರಿ ಬಗ್ಗೆ ನಿಮ್ಮ ಟೇಬಲ್ ಮೇಲೆ ಬರೋ ಅರ್ಜಿಗಳಲ್ಲಿ ಮುಕ್ಕಾಲು ಭಾಗ ಸಿಲಬಸ್ ಬಗ್ಗೆನೇ ಇರುತ್ತೆ ಅನ್ಸುತ್ತೆ, ಆ ಚಾಪ್ಟರ್ ಸೇರಿಸಿ, ಈ ಪೇಪರ್ ತೆಗೀರಿ, ಕ್ವಾಂಟಮ್ ಇನ್ನೊಂದು ಸೆಮಿಸ್ಟರ್ ಮುಂಚೆ ಬರ್ಲಿ ಅಂತೆಲ್ಲ. ನಾನು ಅದ್ಯಾವುದನ್ನೂ ಕೇಳ್ತಿಲ್ಲ. ಥಿಯರಿ ಸಿಲಬಸ್ ಹಾಗೇ ಇರ್ಲಿ, ಒಂದಕ್ಷರ ಬದಲಾಯಿಸಬೇಡಿ. ನಾನು ಕೇಳ್ತಿರೋದು ಪ್ರಾಕ್ಟಿಕಲ್ ಪರೀಕ್ಷೆಗೆ ಮಾರ್ಕ್ಸ್ ಹಾಕೋ ಸ್ಕೀಮ್ ಇದ್ಯಲ್ಲ, ಅದರಲ್ಲಿ "ರಿಸಲ್ಟ್ ಸರಿಯಾಗಿದ್ರೆ ಇಷ್ಟು ಮಾರ್ಕ್ಸ್" ಅನ್ನೋ ಸಾಲನ್ನ ತೆಗೆದುಹಾಕಿ ಅಂತ. ಆ ಒಂದು ಸಾಲು ನಮ್ಮ ಮಕ್ಕಳಿಗೆ ಮೂರು ವರ್ಷ ಕೂತು ಸುಳ್ಳು ಬರೆಯೋದನ್ನ ಕಲಿಸ್ತಿದೆ, ಅದೂ ವಿಜ್ಞಾನದ ಹೆಸರಲ್ಲಿ.

ಇದು ದೊಡ್ಡ ಮಾತು ಅಂತ ಗೊತ್ತಿದ್ದೇ ಹೇಳ್ತಿದೀನಿ, ಹಾಗಾಗಿ ಲ್ಯಾಬ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ದಯವಿಟ್ಟು ಓದಿ.

ಸ್ಪೆಕ್ಟ್ರೋಮೀಟರ್ ಪ್ರಯೋಗ ತಗೊಳ್ಳಿ. ಸೋಡಿಯಂ ಲ್ಯಾಂಪ್ ಹಚ್ಚಿ, ಗ್ರೇಟಿಂಗ್ (ತುಂಬಾ ಹತ್ತಿರ ಹತ್ತಿರ ಗೆರೆ ಕೊರೆದಿರೋ ಗಾಜಿನ ಪಟ್ಟಿ) ಇಟ್ಟು, ಹಳದಿ ಗೆರೆ ಯಾವ ಕೋನದಲ್ಲಿ ಕಾಣುತ್ತೆ ಅಂತ ಟೆಲಿಸ್ಕೋಪ್ ತಿರುಗಿಸಿ ಅಳೆದು, ಬೆಳಕಿನ ತರಂಗಾಂತರ ಕಂಡುಹಿಡೀಬೇಕು. ಉತ್ತರ 589.3 ನ್ಯಾನೋಮೀಟರ್ ಅನ್ನೋದು ಲ್ಯಾಬ್ ಬಾಗಿಲು ದಾಟೋಕೆ ಮುಂಚೆನೇ ಎಲ್ಲರಿಗೂ ಬಾಯಿಪಾಠ ಆಗಿರುತ್ತೆ. ಹಳೇ ಬ್ಯಾಚಿನ ರೆಕಾರ್ಡ್ ಬುಕ್ ಕೈಯಿಂದ ಕೈಗೆ ಬಂದಿರುತ್ತೆ. ಈಗ ಹುಡುಗನಿಗೆ 604 ಬಂತು ಅಂದ್ಕೊಳ್ಳಿ, ಅವನು ಉಪಕರಣದ ಕಡೆ ತಿರುಗಿ ನೋಡಲ್ಲ, ಗ್ರೇಟಿಂಗ್ ಬೆಳಕಿಗೆ ನೇರವಾಗಿ ನಿಂತಿದ್ಯಾ, ಕಾಲಿಮೇಟರ್ ಸೆಟ್ ಆಗಿದ್ಯಾ, ವರ್ನಿಯರ್ ಓದೋವಾಗ ಅರ್ಧ ಡಿಗ್ರಿ ಬಿಟ್ಟೋಯ್ತಾ ಅಂತ ಯೋಚನೆ ಮಾಡಲ್ಲ, ಕ್ಯಾಲ್ಕುಲೇಟರ್ ತಗೊಂಡು 589.3ರಿಂದ ಹಿಂದಕ್ಕೆ ಲೆಕ್ಕ ಹಾಕಿ ಯಾವ ಕೋನ ಬರಬೇಕಿತ್ತು ಅಂತ ನೋಡಿ, ಅದಕ್ಕೆ ಒಂದೆರಡು ನಿಮಿಷ (ಕೋನದ ನಿಮಿಷ, ಡಿಗ್ರಿಯ ಅರವತ್ತನೇ ಒಂದು ಪಾಲು) ಆಚೀಚೆ ಮಾಡಿ ಟೇಬಲ್ ತುಂಬಿಸಿಬಿಡ್ತಾನೆ. ಆಚೀಚೆ ಮಾಡೋದು ಯಾಕೆ ಅಂದ್ರೆ ಪೂರ್ತಿ ಕರೆಕ್ಟಾಗಿ ಬಂದ್ರೆ ಅನುಮಾನ ಬರುತ್ತೆ ಅಂತ. ಇದಕ್ಕೆ ಲ್ಯಾಬ್ ಭಾಷೆಯಲ್ಲಿ ಮ್ಯಾನಿಪ್ಯುಲೇಟ್ ಮಾಡೋದು ಅಂತಾರೆ, ಗುಟ್ಟಾಗಿ ಹೇಳೋ ಮಾತೂ ಅಲ್ಲ, ಸೀನಿಯರ್‌ಗಳು ಜೂನಿಯರ್‌ಗಳಿಗೆ ಧೈರ್ಯ ಹೇಳೋದೇ ಹೀಗೆ, "ಟೆನ್ಷನ್ ತಗೋಬೇಡ, ರೀಡಿಂಗ್ ಬರ್ಲಿಲ್ಲ ಅಂದ್ರೆ ಮ್ಯಾನಿಪ್ಯುಲೇಟ್ ಮಾಡ್ಬಿಡು".

ಇನ್ನೂ ಬೇಜಾರಿನ ವಿಷಯ ಏನಂದ್ರೆ, ಆ 589.3 ಅನ್ನೋ ತರಂಗಾಂತರದ ಗೆರೆ ಸೋಡಿಯಂ ಬೆಳಕಿನಲ್ಲಿ ಇಲ್ಲವೇ ಇಲ್ಲ. ಇರೋದು ಎರಡು ಗೆರೆ, ಒಂದು 589.0, ಇನ್ನೊಂದು 589.6, ನಾವು ಬಾಯಿಪಾಠ ಮಾಡಿರೋದು ಅವೆರಡರ ಸರಾಸರಿ. ಗ್ರೇಟಿಂಗ್ ಚೆನ್ನಾಗಿದ್ದು, ಸ್ಲಿಟ್ ಸಣ್ಣಗೆ ಮಾಡಿ, ಎರಡನೇ ಆರ್ಡರ್‌ಗೆ, ಅಂದ್ರೆ ಇನ್ನೂ ಹೆಚ್ಚಿನ ಕೋನದಲ್ಲಿ ಅದೇ ಬೆಳಕು ಮತ್ತೆ ಕಾಣೋ ಜಾಗಕ್ಕೆ ಹೋಗಿ ತಾಳ್ಮೆಯಿಂದ ಫೋಕಸ್ ಮಾಡಿದ್ರೆ ಆ ಎರಡೂ ಗೆರೆ ಬೇರೆ ಬೇರೆಯಾಗಿ ಕಣ್ಣಿಗೆ ಕಾಣುತ್ತೆ. ಯಾವಾಗಲಾದ್ರೂ ಒಬ್ಬ ಹುಡುಗ ಬಂದು "ಮೇಡಂ, ನಂಗೆ ಎರಡು ಗೆರೆ ಕಾಣ್ತಿದೆ, ಕ್ರಾಸ್‌ವೈರ್‌ನ ಯಾವುದರ ಮೇಲೆ ಇಡ್ಲಿ" ಅಂತ ಕೇಳ್ತಾನೆ ನೋಡಿ, ಇಡೀ ವರ್ಷ ಪಾಠ ಮಾಡಿದ್ದಕ್ಕೆ ಅದೊಂದು ಪ್ರಶ್ನೆ ಸಾಕು ನನಗೆ. ಎಲೆಕ್ಟ್ರಾನ್‌ಗೆ ಸ್ಪಿನ್ ಇದೆ ಅನ್ನೋದರ ಪರಿಣಾಮ ಅವನ ಕಣ್ಣೆದುರಿಗೇ ಇದೆ. ಆದ್ರೆ ಈಗಿನ ಸ್ಕೀಮ್ ಪ್ರಕಾರ ಆ ಪ್ರಶ್ನೆಗೆ ಸೊನ್ನೆ ಮಾರ್ಕ್ಸ್, ಲೆನ್ಸ್‌ಗೆ ಕಣ್ಣೇ ಇಡದೆ 589 ಅಂತ ಬರೆದವನಿಗೆ ಪೂರ್ತಿ ಮಾರ್ಕ್ಸ್.

ಮಕ್ಕಳನ್ನ ಬೈಯೋಕೆ ಇದನ್ನ ಬರೀತಿಲ್ಲ, ಅದು ಸ್ಪಷ್ಟವಾಗಿರ್ಲಿ. ಮೂರು ಗಂಟೆ ಟೈಮ್, ಹಳೇ ಉಪಕರಣ, ಒಂದು ಸೆಟ್‌ಗೆ ನಾಲ್ಕು ಜನ, ಎದುರಿಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್, ರಿಸಲ್ಟ್ ಬಂದ್ರೆ ಮಾತ್ರ ಮಾರ್ಕ್ಸ್, ಆ ಮಾರ್ಕ್ಸ್ ಮೇಲೆ ಮಾಸ್ಟರ್ಸ್ ಸೀಟು. ಇಷ್ಟನ್ನೂ ತಲೆ ಮೇಲೆ ಇಟ್ಟು ಹತ್ತೊಂಬತ್ತು ವರ್ಷದ ಹುಡುಗಿಗೆ "ಪ್ರಾಮಾಣಿಕವಾಗಿರು" ಅಂದ್ರೆ ಹೇಗೆ? ಅವಳು ಮಾಡೋದನ್ನೇ ಯಾರಾದ್ರೂ ಮಾಡ್ತಾರೆ. ಮೇಷ್ಟ್ರುಗಳಿಗೂ ಗೊತ್ತು, ಸುಮ್ಮನಿರ್ತಾರೆ, ಯಾಕಂದ್ರೆ ಅವರ ಕೈಯಲ್ಲಿ ಇರೋದು ಸಹಿ ಹಾಕೋದಷ್ಟೆ, ಸ್ಕೀಮ್ ಮೇಲಿಂದ ಬರುತ್ತೆ. ಅದಕ್ಕೇ ಈ ಪತ್ರ ಪ್ರಿನ್ಸಿಪಾಲರಿಗಲ್ಲ, ನಿಮಗೆ.

ಈಗ ಒಂದು ಪ್ರಯೋಗವನ್ನ ಹತ್ತಿರದಿಂದ ತೋರಿಸ್ತೀನಿ. ಅತೀ ಸುಲಭದ್ದು, ಸಿಂಪಲ್ ಪೆಂಡುಲಮ್, ದಾರಕ್ಕೆ ಗುಂಡು ಕಟ್ಟಿ ಆಡಿಸೋದು. ದಾರದ ಉದ್ದ ಬದಲಾಯಿಸ್ತಾ 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಆಯ್ತು ಅಂತ ಸ್ಟಾಪ್‌ವಾಚ್‌ನಲ್ಲಿ ನೋಡಿ, ಅದರಿಂದ ಗುರುತ್ವ ವೇಗೋತ್ಕರ್ಷ ಜಿ ಕಂಡುಹಿಡಿಯೋದು. ಉತ್ತರ 9.8 ಅಂತ ಹೈಸ್ಕೂಲಿನಿಂದಲೇ ಗೊತ್ತು. ಒಂದು ವರ್ಷ ನನ್ನ ಬ್ಯಾಚಿನ ಒಬ್ಬ ಹುಡುಗಿ ಇದನ್ನ ಮಾಡ್ತಿದ್ಲು, ಅರ್ಧ ಮೀಟರ್ ಉದ್ದಕ್ಕೆ ಜಿ 9.51 ಬಂತು, ಒಂದು ಮೀಟರ್‌ಗೆ 9.65 ಬಂತು, ನಡುವಿನ ಉದ್ದಗಳಿಗೆ ಅವೆರಡರ ನಡುವಿನ ಬೆಲೆಗಳು. ಪಕ್ಕದವರೆಲ್ಲ 9.79, 9.81 ಅಂತ ಬರೆದು ಮುಗಿಸಿ ಬ್ಯಾಗ್ ಹಾಕ್ಕೊಂಡು ಹೊರಟಿದ್ರು. ಇವಳು ಕೂತೇ ಇದ್ಲು. ಅವಳಿಗೆ ತಲೆಕೆಡಿಸಿದ್ದು ಬೆಲೆ ಕಮ್ಮಿ ಬಂದಿದ್ದಲ್ಲ, ಉದ್ದ ಜಾಸ್ತಿ ಆದಂಗೆ ಬೆಲೆನೂ ನಿಧಾನಕ್ಕೆ ಏರ್ತಿದ್ಯಲ್ಲ, ಅದು. ಸ್ಟಾಪ್‌ವಾಚ್ ಒತ್ತೋದರಲ್ಲಿ ತಪ್ಪಾಗಿದ್ರೆ ಒಂದು ಸಲ ಮೇಲೆ ಒಂದು ಸಲ ಕೆಳಗೆ ಹೋಗ್ಬೇಕು, ಹೀಗೆ ಒಂದೇ ದಿಕ್ಕಲ್ಲಿ ಸಾಗಲ್ಲ.

ಅವಳು ಗ್ರಾಫ್ ಹಾಕಿದ್ಲು, ಅಡ್ಡಕ್ಕೆ ಉದ್ದ, ಮೇಲಕ್ಕೆ ಆವರ್ತಕಾಲದ ವರ್ಗ. ಚೆಂದಕ್ಕೆ ನೇರ ಗೆರೆ ಬಂತು, ಆದ್ರೆ ಮೂಲಬಿಂದುವಿನ ಮೂಲಕ ಹೋಗ್ಲಿಲ್ಲ. ಪುಸ್ತಕದಲ್ಲಿ ಹೋಗ್ಬೇಕು ಅಂತಿದೆ. ಇಲ್ಲಿ ಎಲ್ಲರೂ ಮಾಡೋದು ಸ್ಕೇಲ್ ಸ್ವಲ್ಪ ಓರೆ ಮಾಡಿ ಗೆರೆನ ಸೊನ್ನೆಗೆ ಎಳೆಯೋದು. ಇವಳು ಎಳೀಲಿಲ್ಲ, ಗೆರೆ ಎಲ್ಲಿಗೆ ಹೋಗುತ್ತೋ ಹೋಗ್ಲಿ ಅಂತ ಹಿಂದಕ್ಕೆ ಚಾಚಿದ್ಲು, ಅದು ಉದ್ದದ ಅಕ್ಷನ ಸೊನ್ನೆಗಿಂತ 1.5 ಸೆಂಟಿಮೀಟರ್ ಹಿಂದೆ ಹೋಗಿ ಮುಟ್ಟಿತು. ಗುಂಡನ್ನ ಕ್ಯಾಲಿಪರ್ಸ್‌ನಲ್ಲಿ ಹಿಡಿದು ಅಳೆದ್ಲು, ವ್ಯಾಸ 3 ಸೆಂಟಿಮೀಟರ್. ಅಂದ್ರೆ ಏನಾಗಿದೆ, ಅವಳು ಬರೀ ದಾರದ ಉದ್ದ ಅಳೆದಿದಾಳೆ, ಅಳೀಬೇಕಿದ್ದದ್ದು ಗುಂಡಿನ ಮಧ್ಯಬಿಂದುವಿನ ತನಕ. ಬಿಟ್ಟುಹೋದ ಆ ತ್ರಿಜ್ಯ ಗ್ರಾಫಿನಲ್ಲೇ ಬರೆದಿತ್ತು! ಗೆರೆಯ ಸ್ಲೋಪ್‌ನಿಂದ ಲೆಕ್ಕ ಹಾಕಿದ್ರೆ ಜಿ 9.8ಕ್ಕೆ ಬಂತು, ಯಾಕಂದ್ರೆ ಎಲ್ಲ ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಆದ ತಪ್ಪು ಸ್ಲೋಪನ್ನ ಮುಟ್ಟಲ್ಲ. ಒಂದೂವರೆ ಸೆಂಟಿಮೀಟರಿನ ಒಂದು ತಪ್ಪಿನಿಂದ ಆ ಹುಡುಗಿ, ಯಾಕೆ ಒಂದು ರೀಡಿಂಗ್ ಬದಲು ಗ್ರಾಫ್ ಹಾಕ್ತೀವಿ, ಸಿಸ್ಟಮ್ಯಾಟಿಕ್ ಎರರ್ ಅಂದ್ರೆ ಏನು, ರ್‍ಯಾಂಡಮ್ ಎರರ್‌ಗೂ ಅದಕ್ಕೂ ಏನು ವ್ಯತ್ಯಾಸ, ಇಷ್ಟನ್ನೂ ಒಂದೇ ಮಧ್ಯಾಹ್ನ ಯಾರ ಲೆಕ್ಚರೂ ಇಲ್ಲದೆ ಕಲಿತುಬಿಟ್ಲು.

ಪರೀಕ್ಷೆಯಲ್ಲಿ ಅದೇ ಪ್ರಯೋಗ ಬಂತು. ಅವಳು ಈ ಸಲ ಉದ್ದ ಸರಿಯಾಗೇ ಅಳೆದ್ಲು, ಆದ್ರೆ ಗೆರೆ ಸೊನ್ನೆಯಿಂದ ಕೂದಲೆಳೆ ಆಚೆ ಹೋಯ್ತು, ಅದನ್ನ ಹಾಗೇ ಬಿಟ್ಟು, ದಾರ ಕಟ್ಟಿದ ಕಡೆ ಎಲ್ಲಿಂದ ಬಾಗ್ತಿದೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಅದಕ್ಕಿರಬಹುದು ಅಂತ ಎರಡು ಸಾಲು ಬರೆದ್ಲು. ಎಕ್ಸಾಮಿನರ್ ಗ್ರಾಫಿಗೆ ಮಾರ್ಕ್ಸ್ ಕಟ್ ಮಾಡಿದ್ರು. ಗೆರೆ ಮೂಲಬಿಂದು ಮೂಲಕ ಹೋಗಿಲ್ಲ ಅಂತ. ಅವರ ಮೇಲೆ ನನಗೆ ಕೋಪ ಇಲ್ಲ, ಅವರ ಕೈಯಲ್ಲಿದ್ದ ಕಾಗದದಲ್ಲಿ ಹಾಗೆ ಮಾಡಿ ಅಂತಾನೇ ಇತ್ತು. ಕೋಪ ಇರೋದು ಆ ಕಾಗದದ ಮೇಲೆ.

ಇನ್ನು ಆ 9.8 ಅನ್ನೋದಾದ್ರೂ ಎಷ್ಟು ಸತ್ಯ? ಭೂಮಿ ತಿರುಗ್ತಿರೋದರಿಂದ, ಧ್ರುವಗಳಲ್ಲಿ ಚಪ್ಪಟೆ ಆಗಿರೋದರಿಂದ ಜಿ ಎಲ್ಲ ಕಡೆ ಒಂದೇ ಇಲ್ಲ, ಸಮಭಾಜಕದ ಹತ್ತಿರ ಸುಮಾರು 9.780, ಧ್ರುವದ ಹತ್ತಿರ 9.832, ಎತ್ತರಕ್ಕೆ ಹೋದಂಗೆ ಇನ್ನೂ ಸ್ವಲ್ಪ ಕಮ್ಮಿ. ಪುಸ್ತಕದ ಹಿಂದಿನ ಪಟ್ಟಿಯಲ್ಲಿರೋ 9.80665 ಇದ್ಯಲ್ಲ, ಅದು 1901ರಲ್ಲಿ ಅಂತರರಾಷ್ಟ್ರೀಯ ಸಭೆಯೊಂದರಲ್ಲಿ ಎಲ್ಲರೂ ಒಪ್ಕೊಂಡ ಒಂದು ಸ್ಟ್ಯಾಂಡರ್ಡ್ ಸಂಖ್ಯೆ. ಪೆಂಡುಲಮನ್ನ 30 ಡಿಗ್ರಿ ಎಳೆದು ಬಿಟ್ರೆ ಸೂತ್ರವೇ ಪೂರ್ತಿ ಅನ್ವಯ ಆಗಲ್ಲ, ಆವರ್ತಕಾಲ ಸುಮಾರು 1.7 ಪರ್ಸೆಂಟ್ ಹೆಚ್ಚಾಗಿ ಜಿ 9.47ರ ಹತ್ತಿರ ಬರುತ್ತೆ. ಹಾಗೆ 9.47 ಬಂದವನು ಅದನ್ನ ಬರೆದು "ನಾನು 30 ಡಿಗ್ರಿ ಎಳೆದಿದ್ದೆ" ಅಂತಲೂ ಬರೆದ್ರೆ ಅವನ ರಿಸಲ್ಟ್ ತಪ್ಪೋ ಸರಿಯೋ? ನನ್ನ ಪ್ರಕಾರ 9.8 ಅಂತ ತಿದ್ದಿದವನಿಗಿಂತ ಇವನು ಎಷ್ಟೋ ಹೆಚ್ಚು ಫಿಸಿಕ್ಸ್ ಮಾಡಿದಾನೆ.

ಸಚಿವರೇ, ಇಂಥ ಸಣ್ಣ ವ್ಯತ್ಯಾಸಗಳನ್ನ ಮುಚ್ಚಿಹಾಕದೆ ಇದ್ದಿದ್ದಕ್ಕೇ ನಮ್ಮ ವಿಜ್ಞಾನದಲ್ಲಿ ಎಷ್ಟು ಸಿಕ್ಕಿದೆ ಅನ್ನೋದಕ್ಕೆ ಒಂದು ಕಥೆ ಹೇಳ್ತೀನಿ, ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಹೇಳೋದು. ಲಾರ್ಡ್ ರೇಲೀ ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಅನಿಲಗಳ ಸಾಂದ್ರತೆನ ತುಂಬಾ ನಿಖರವಾಗಿ ಅಳೀತಿದ್ರು. ಸಾರಜನಕನ ಎರಡು ದಾರಿಯಲ್ಲಿ ತಯಾರಿಸಿದ್ರು, ಒಂದು ಗಾಳಿಯಿಂದ ಆಮ್ಲಜನಕ ತೆಗೆದುಹಾಕಿ, ಇನ್ನೊಂದು ಗಾಳಿ ಜೊತೆ ಅಮೋನಿಯಾ ಬಳಸಿ. ಎರಡರ ತೂಕ ಒಂದೇ ಬರಬೇಕಿತ್ತು, ಬರ್ಲಿಲ್ಲ, ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸ. ಸಾವಿರದಲ್ಲಿ ಒಂದು! ನಮ್ಮ ಲ್ಯಾಬಲ್ಲಿ ಅಷ್ಟು ಹತ್ತಿರ ಬಂದ್ರೆ ಶಹಬ್ಬಾಸ್ ಅಂತೀವಿ. ರೇಲೀ 1892ರಲ್ಲಿ ನೇಚರ್ ಪತ್ರಿಕೆಗೆ ಪತ್ರ ಬರೆದು, ಹೀಗೆ ಬರ್ತಿದೆ, ಕಾರಣ ಯಾರಿಗಾದ್ರೂ ಹೊಳೆದ್ರೆ ತಿಳಿಸಿ ಅಂತ ಕೇಳಿದ್ರು. ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ವ್ಯತ್ಯಾಸನ ಕಮ್ಮಿ ಮಾಡೋ ಬದಲು ಹೇಗೆ ದೊಡ್ಡದು ಮಾಡೋದು ಅಂತ ನೋಡಿದ್ರು. ಅಮೋನಿಯಾ ದಾರಿಯಲ್ಲಿ ಗಾಳಿ ಬದಲು ಶುದ್ಧ ಆಮ್ಲಜನಕ ಬಳಸಿದಾಗ ವ್ಯತ್ಯಾಸ ಇನ್ನೂರರಲ್ಲಿ ಒಂದಕ್ಕೆ ಏರಿತು, ಅವರ ಗಾಜಿನ ಗೋಳದಲ್ಲಿ ಗಾಳಿಯಿಂದ ಬಂದ ಸಾರಜನಕ ಸುಮಾರು 2.310 ಗ್ರಾಂ ತೂಗಿದ್ರೆ ರಾಸಾಯನಿಕಗಳಿಂದ ಬಂದಿದ್ದು ಸುಮಾರು 2.299 ಗ್ರಾಂ. ಆ ನೂರರಲ್ಲೊಂದು ಗ್ರಾಮಿನ ಬೆನ್ನು ಹತ್ತಿ ರೇಲೀ ಮತ್ತೆ ವಿಲಿಯಂ ರಾಮ್ಸೆ 1894ರಲ್ಲಿ ಕಂಡುಹಿಡಿದಿದ್ದು ಆರ್ಗಾನ್, ಅಲ್ಲೀವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಹೊಸ ಧಾತು, ನಾವು ಉಸಿರಾಡೋ ಗಾಳಿಯಲ್ಲೇ ಸುಮಾರು 0.93 ಪರ್ಸೆಂಟ್ ಇದ್ದದ್ದು. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲೀಗೆ ಭೌತಶಾಸ್ತ್ರದಲ್ಲಿ, ರಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

ಈ ಕಥೆಯಲ್ಲಿ ನನಗೆ ಅದಕ್ಕಿಂತ ಇಷ್ಟ ಆಗೋ ಭಾಗ ಇನ್ನೊಂದಿದೆ. ಇದಕ್ಕೆ ನೂರು ವರ್ಷ ಹಿಂದೆ, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಸಾರಜನಕನೆಲ್ಲ ಹೀರಿಸಿ ತೆಗೆದಾಗ ಕೊನೆಗೆ ಒಂದು ಸಣ್ಣ ಗುಳ್ಳೆ ಉಳ್ಕೊಂಡಿತ್ತು, ಏನ್ ಮಾಡಿದ್ರೂ ಹೋಗ್ಲಿಲ್ಲ. ಅದು ಒಟ್ಟು ಪ್ರಮಾಣದ ನೂರಿಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಅಂತ ಅವರು ಬರೆದಿಟ್ರು. ಅದೇನು ಅಂತ ಅವರಿಗೆ ಗೊತ್ತಾಗ್ಲಿಲ್ಲ, ಆದ್ರೂ ಬರೆದಿಟ್ರು. ಸೊನ್ನೆ ಅಂತ ಬರೆದಿದ್ರೆ ಕೇಳೋರು ಯಾರಿದ್ರು? ಆ ಗುಳ್ಳೆ ಆರ್ಗಾನ್, ರೇಲೀ ಮತ್ತೆ ರಾಮ್ಸೆ ಅದನ್ನ ಓದ್ಕೊಂಡೇ ಮುಂದಕ್ಕೆ ಹೋದ್ರು. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗೆ ಕ್ಯಾವೆಂಡಿಶ್ ಕೂತಿದ್ರೆ ಆ ಗುಳ್ಳೆಗೆ ಮಾರ್ಕ್ಸ್ ಕಟ್ ಆಗಿರೋದು.

ಉತ್ತರ ಮೊದಲೇ ಗೊತ್ತಿರೋದು ದೊಡ್ಡ ದೊಡ್ಡವರನ್ನೂ ಹೇಗೆ ದಾರಿ ತಪ್ಪಿಸುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಮಿಲಿಕನ್ ಎಣ್ಣೆ ಹನಿ ಪ್ರಯೋಗದಿಂದ ಎಲೆಕ್ಟ್ರಾನ್ ಚಾರ್ಜ್ ಅಳೆದ್ರು, ಅದ್ಭುತ ಕೆಲಸ, ಆದ್ರೆ ಗಾಳಿಯ ಸ್ನಿಗ್ಧತೆಗೆ (ಹನಿ ಬೀಳೋದನ್ನ ಗಾಳಿ ಎಷ್ಟು ತಡೆಯುತ್ತೆ ಅನ್ನೋದಕ್ಕೆ) ತಗೊಂಡ ಬೆಲೆ ಸ್ವಲ್ಪ ತಪ್ಪಿತ್ತು, ಅದರಿಂದ ಅವರ ಉತ್ತರ ಇವತ್ತಿನ ಲೆಕ್ಕದಲ್ಲಿ 1.592 × 10⁻¹⁹ ಕೂಲಂಬ್ ಬಂತು, 1.602 × 10⁻¹⁹ ಬರಬೇಕಿತ್ತು. ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳ ಮುಂದೆ ಮಾತಾಡ್ತಾ ಇದರ ಬಗ್ಗೆ ಹೇಳಿದ್ರು, ಆಮೇಲೆ ಅಳೆದವರ ಬೆಲೆಗಳು ಒಮ್ಮೆಗೇ ಸರಿಯಾದ ಜಾಗಕ್ಕೆ ಹೋಗ್ಲಿಲ್ಲ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರೀತಾ ಹೋದ್ವು, ಯಾಕಂದ್ರೆ ಮಿಲಿಕನ್‌ಗಿಂತ ತೀರಾ ಹೆಚ್ಚು ಬಂದಾಗ ಎಲ್ಲೋ ತಪ್ಪಾಗಿದೆ ಅಂತ ಹುಡುಕ್ತಿದ್ರು, ಹತ್ತಿರ ಬಂದಾಗ ಅಷ್ಟಾಗಿ ಹುಡುಕ್ತಿರಲಿಲ್ಲ ಅಂತ. ಪಳಗಿದವರ ಕೈಯೇ ಹೀಗೆ ಜಾರೋವಾಗ, ಸರಿ ಉತ್ತರಕ್ಕೆ ಅಂತಲೇ ಮಾರ್ಕ್ಸ್ ಇಟ್ಟು ಮಕ್ಕಳನ್ನ ಕೂರಿಸಿದ್ರೆ ಏನಾಗ್ಬಹುದು ನೀವೇ ಹೇಳಿ.

ಬೇಡದ ಉತ್ತರ ಬಂದಾಗ ಹೇಗೆ ನಡ್ಕೋಬೇಕು ಅನ್ನೋದನ್ನ 2011ರಲ್ಲಿ ಓಪೆರಾ ಅನ್ನೋ ನ್ಯೂಟ್ರಿನೋ ಪ್ರಯೋಗದ ವಿಜ್ಞಾನಿಗಳ ತಂಡ ತೋರಿಸ್ತು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಕಳಿಸಿದ ನ್ಯೂಟ್ರಿನೋ ಅನ್ನೋ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮುಂಚೆ ಬಂದ ಹಾಗೆ ಕಾಣಿಸ್ತು, ಐನ್‌ಸ್ಟೈನ್ ಪ್ರಕಾರ ಆಗಬಾರದ್ದು. ತಿಂಗಳುಗಟ್ಟಲೆ ಹುಡುಕಿದ್ರೂ ಕಾರಣ ಸಿಗದೆ ಇದ್ದಾಗ ಬಂದ ರೀಡಿಂಗನ್ನ ಹಾಗೇ ಜಗತ್ತಿನ ಮುಂದೆ ಇಟ್ಟು, ನೀವೂ ನೋಡಿ ಅಂದ್ರು. ಮಾರನೇ ವರ್ಷ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಕನೆಕ್ಷನ್ ಸರಿಯಾಗಿ ಕೂತಿರಲಿಲ್ಲ ಅಂತ ಸಿಕ್ತು. ಐನ್‌ಸ್ಟೈನ್ ಗೆದ್ರು, ಆದ್ರೆ ನಾನು ಮಕ್ಕಳಿಗೆ ತೋರ್ಸೋದು ಆ ಕೇಬಲನ್ನ. ಹುಡುಕಿದ್ರು, ಸಿಕ್ತು.

ಈಗ ನಿಮ್ಮ ಅಧಿಕಾರಿಗಳು ಕೇಳೋ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದನ್ನ ಎಲ್ಲೇ ಹೇಳಿದ್ರೂ ಮೊದಲು ಬರೋದು ಇದೇ: ರಿಸಲ್ಟ್‌ಗೆ ಮಾರ್ಕ್ಸ್ ಇಲ್ಲ ಅಂದ್ರೆ ಮಕ್ಕಳು ಬಾಯಿಗೆ ಬಂದಿದ್ದು ಬರೆದು "ನಂಗೆ ಹೀಗೇ ಬಂತು" ಅಂತಾರಲ್ಲ? ಬರೆಯೋಕಾಗಲ್ಲ. ಬಂದ ಬೆಲೆ ಜೊತೆ ಅನಿಶ್ಚಿತತೆ ಎಷ್ಟು, ಅಂದ್ರೆ ಆ ಬೆಲೆ ಎಷ್ಟು ಹೆಚ್ಚುಕಮ್ಮಿ ಇರಬಹುದು ಅಂತ ಬರೀಲೇಬೇಕು ಅಂತ ಮಾಡಿ, ಆಗ ನೋಡಿ. 9.5 ಪ್ಲಸ್ ಆರ್ ಮೈನಸ್ 0.4 ಅಂತ ಬರೆದವನು ಆ 0.4 ಎಲ್ಲಿಂದ ಬಂತು ಅಂತ ತೋರಿಸ್ಬೇಕು. ಸ್ಟಾಪ್‌ವಾಚ್ ಒತ್ತೋದರಲ್ಲಿ 0.2 ಸೆಕೆಂಡ್ ಹೆಚ್ಚುಕಮ್ಮಿ ಆದ್ರೆ 40 ಸೆಕೆಂಡಿನಲ್ಲಿ ಅದು ಅರ್ಧ ಪರ್ಸೆಂಟ್, ಜಿ ಸೂತ್ರದಲ್ಲಿ ಕಾಲದ ವರ್ಗ ಇರೋದರಿಂದ ಜಿಯಲ್ಲಿ ಒಂದು ಪರ್ಸೆಂಟ್, ಅಂದ್ರೆ 0.1ರ ಹತ್ತಿರ, ಹಾಗಾದ್ರೆ ಮಿಕ್ಕ 0.3 ಎಲ್ಲಿಂದ ಬಂತಪ್ಪ ಅಂತ ವೈವಾದಲ್ಲಿ ಒಂದು ಮಾತು ಕೇಳಿದ್ರೆ ಸಾಕು, ಪ್ರಯೋಗ ಮಾಡಿದಾನೋ ಇಲ್ವೋ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಸುಳ್ಳು ರೀಡಿಂಗಿಗೆ ಇನ್ನೊಂದು ಗುರುತಿದೆ, ಎರರ್ ಬಾರ್‌ಗಳನ್ನ (ಗ್ರಾಫಿನ ಪ್ರತಿ ಬಿಂದುವಿನ ಅನಿಶ್ಚಿತತೆ ತೋರಿಸೋ ಸಣ್ಣ ಗೆರೆಗಳನ್ನ) ಸರಿಯಾಗಿ ಹಾಕಿದ್ರೆ ಸುಮಾರು ಮೂರರಲ್ಲಿ ಒಂದು ಬಿಂದುವಿನ ಬಾರ್ ಗೆರೆಗೆ ತಾಗದೆ ಆಚೆ ಇರಬೇಕು, ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಒಳಗೆ ಬರೋದು 68 ಪರ್ಸೆಂಟ್ ಅಷ್ಟೆ. ಎಲ್ಲ ಬಿಂದುನೂ ಗೆರೆ ಮೇಲೆ ಮುತ್ತು ಪೋಣಿಸಿದಂಗೆ ಕೂತಿದ್ರೆ ಅದನ್ನೇ ಅನುಮಾನದಿಂದ ನೋಡ್ಬೇಕು. ಇವತ್ತು ನಾವು ಅಂಥ ಗ್ರಾಫ್‌ಗೇ ಪೂರ್ತಿ ಮಾರ್ಕ್ಸ್ ಕೊಡ್ತಿದೀವಿ.

ಇದೆಲ್ಲ ನಾನೊಬ್ಬಳೇ ಹೇಳ್ತಿರೋದಲ್ಲ. ಅಳತೆಯ ಅನಿಶ್ಚಿತತೆನ ಹೇಗೆ ಲೆಕ್ಕ ಹಾಕಿ ಹೇಗೆ ಬರೀಬೇಕು ಅಂತ 1993ರಲ್ಲೇ ಅಂತರರಾಷ್ಟ್ರೀಯ ಮಾರ್ಗದರ್ಶಿ ಬಂದಿದೆ, ಜಗತ್ತಿನ ಅಳತೆ ಪ್ರಯೋಗಾಲಯಗಳೆಲ್ಲ ಅದನ್ನೇ ಅನುಸರಿಸ್ತಾವೆ, ನಮ್ಮ ಮಕ್ಕಳು ಡಿಗ್ರಿ ಮುಗಿಸೋ ತನಕ ಅದರ ಹೆಸರೂ ಕೇಳಿರಲ್ಲ. ಅಮೆರಿಕದ ಭೌತಶಾಸ್ತ್ರ ಶಿಕ್ಷಕರ ಸಂಘ 2014ರಲ್ಲಿ ಡಿಗ್ರಿ ಲ್ಯಾಬ್‌ಗಳಿಗೆ ಅಂತ ಶಿಫಾರಸು ಕೊಟ್ಟಾಗ ಪ್ರಯೋಗನ ವಿದ್ಯಾರ್ಥಿನೇ ರೂಪಿಸೋದು, ಮಾಡೆಲ್ ಕಟ್ಟೋದು, ಡೇಟಾ ವಿಶ್ಲೇಷಣೆ ಮಾಡೋದು, ಕಂಡಿದ್ದನ್ನ ಬೇರೆಯವರಿಗೆ ತಿಳಿಸೋದು ಇವನ್ನೇ ಗುರಿ ಅಂತ ಇಟ್ಟಿತು. ನೊಬೆಲ್ ಪಡೆದ ಕಾರ್ಲ್ ವೀಮನ್ ಮತ್ತೆ ನತಾಶಾ ಹೋಮ್ಸ್ ಲ್ಯಾಬ್ ಕೋರ್ಸ್‌ಗಳನ್ನ ಹೋಲಿಸಿ ನೋಡಿದಾಗ, ಥಿಯರಿ ಗಟ್ಟಿಯಾಗ್ಲಿ ಅಂತ ನಡೆಸೋ ಲ್ಯಾಬ್‌ಗಳಿಂದ ಥಿಯರಿ ಪರೀಕ್ಷೆಯ ಮಾರ್ಕ್ಸ್‌ನಲ್ಲಿ ಅಳೆಯೋವಷ್ಟು ಲಾಭ ಏನೂ ಕಾಣ್ಲಿಲ್ಲ. ಇದನ್ನ ಯಾರಾದ್ರೂ ನಿಮಗೆ ತೋರ್ಸಿ "ಹಾಗಾದ್ರೆ ಲ್ಯಾಬೇ ಬೇಡ" ಅಂದ್ರೆ ದಯವಿಟ್ಟು ಒಪ್ಕೋಬೇಡಿ, ಅವರಿಬ್ಬರೂ ಹೇಳಿದ್ದು ಲ್ಯಾಬನ್ನ ಲ್ಯಾಬ್ ಮಾತ್ರ ಕಲಿಸಬಲ್ಲ ವಿಷಯಕ್ಕೆ ಬಳಸಿ ಅಂತ.

ವರ್ಚುವಲ್ ಲ್ಯಾಬ್ ಬಗ್ಗೆನೂ ಒಂದು ಮಾತು. ಕಂಪ್ಯೂಟರ್ ಸಿಮ್ಯುಲೇಷನ್‌ಗಳು ಒಳ್ಳೇವೇ, ಅದೇ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಸಿಮ್ಯುಲೇಷನ್‌ಗಳನ್ನ ನಾನೂ ಕ್ಲಾಸಲ್ಲಿ ಬಳಸ್ತೀನಿ, ಕಣ್ಣಿಗೆ ಕಾಣದ ಫೀಲ್ಡ್ ತೋರ್ಸೋಕೆ ಅದಕ್ಕಿಂತ ಚೆನ್ನಾಗಿರೋದು ಇಲ್ಲ. ಆದ್ರೆ ಸಿಮ್ಯುಲೇಷನ್‌ನಲ್ಲಿ ಸ್ಕ್ರೂ ಸಡಿಲ ಇರಲ್ಲ. ನ್ಯೂಟನ್ಸ್ ರಿಂಗ್ಸ್ (ಲೆನ್ಸ್ ಮತ್ತೆ ಗಾಜಿನ ನಡುವೆ ಕಾಣೋ ಬೆಳಕಿನ ಉಂಗುರಗಳನ್ನ ಅಳೆಯೋ ಪ್ರಯೋಗ) ಮಾಡೋವಾಗ ಟ್ರಾವೆಲಿಂಗ್ ಮೈಕ್ರೋಸ್ಕೋಪನ್ನ ಒಂದೇ ದಿಕ್ಕಲ್ಲಿ ತಿರುಗಿಸಬೇಕು, ಹಿಂದಕ್ಕೆ ಬಂದ್ರೆ ಸ್ಕ್ರೂ ಸ್ವಲ್ಪ ದೂರ ಸುಮ್ಮನೆ ತಿರುಗಿ ರೀಡಿಂಗ್ ಕೆಡುತ್ತೆ, ಅದು ಬೆರಳಿಗೆ ಗೊತ್ತಾಗಬೇಕಾದ ವಿಷಯ. ಉಪಕರಣಕ್ಕೆ ದುಡ್ಡಿಲ್ಲ ಅಂತ ಸ್ಕ್ರೀನ್ ಕೊಟ್ಟು ಕೈತೊಳ್ಕೊಳ್ಳೋದು ಬೇಡ.

ಸ್ಕೀಮ್ ಹೇಗಿರಬೇಕು ಅಂತ ಕೇಳಿದ್ರೆ ನನ್ನ ಯೋಚನೆ ಇದು. ರಿಸಲ್ಟ್‌ಗೆ ಅಂತ ಇಟ್ಟಿರೋ ಮಾರ್ಕ್ಸ್‌ನ ಪೂರ್ತಿ ಎರರ್ ವಿಶ್ಲೇಷಣೆಗೆ ಕೊಡಿ, ಅಂದ್ರೆ ಬಂದ ಬೆಲೆ, ಅದರ ಅನಿಶ್ಚಿತತೆ, ಗೊತ್ತಿರೋ ಬೆಲೆಗೆ ಹೊಂದ್ಲಿಲ್ಲ ಅಂದ್ರೆ ಏನು ಕಾರಣ ಇರಬಹುದು, ಆ ಕಾರಣನ ಪರೀಕ್ಷೆ ಮಾಡೋಕೆ ಮುಂದೆ ಏನು ಮಾಡ್ಬೇಕು ಅನ್ನೋದಕ್ಕೆ. ರೆಕಾರ್ಡ್ ಬುಕ್ ಮನೆಗೆ ತಗೊಂಡು ಹೋಗಿ ಬಣ್ಣದ ಪೆನ್ನಲ್ಲಿ ಅಂದ ಮಾಡಿ ಬರೆಯೋ ಪದ್ಧತಿ ನಿಲ್ಲಿಸಿ, ರೀಡಿಂಗ್ ಲ್ಯಾಬಲ್ಲೇ ಪೆನ್ನಲ್ಲಿ ಬೀಳ್ಬೇಕು, ತಪ್ಪಿದ್ರೆ ಮೇಲೊಂದು ಗೆರೆ ಎಳೀಬೇಕು, ಒರೆಸಬಾರದು, ಗೆರೆ ಎಳೆದಿದ್ದು ಓದೋಕೆ ಕಾಣ್ಬೇಕು. ಕಾಟು ಹೊಡೆದ ಪುಟಕ್ಕೆ ಮಾರ್ಕ್ಸ್ ಕಟ್ ಮಾಡಬಾರದು. ಸೆಮಿಸ್ಟರ್‌ಗೆ ಪ್ರಯೋಗಗಳ ಸಂಖ್ಯೆ ಕಮ್ಮಿ ಮಾಡಿ, ಒಂದೊಂದಕ್ಕೆ ಎರಡು ಕ್ಲಾಸ್ ಸಿಗ್ಲಿ, ಮೊದಲ ಕ್ಲಾಸಲ್ಲಿ ತಪ್ಪಾಗಿದ್ದನ್ನ ಎರಡನೇ ಕ್ಲಾಸಲ್ಲಿ ಹುಡುಕೋಕೆ. ಈಗ ಒಂದು ಪ್ರಯೋಗ ಒಂದು ಮಧ್ಯಾಹ್ನ, ಕೆಟ್ರೆ ಕೆಡ್ತು, ಮುಂದಿನ ವಾರ ಇನ್ನೊಂದು. ಮೂರನೇ ವರ್ಷದಲ್ಲಿ ಒಂದಾದ್ರೂ ಪ್ರಯೋಗ ಉತ್ತರ ಯಾರಿಗೂ ಗೊತ್ತಿಲ್ಲದ್ದು ಇರ್ಲಿ, ಮೇಷ್ಟ್ರಿಗೂ ಗೊತ್ತಿರಬಾರದು. ಅದಕ್ಕೆ ದುಬಾರಿ ಮಷೀನ್ ಏನೂ ಬೇಕಿಲ್ಲ, ಒಂದು ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಾಗ ಎಷ್ಟು ಶಕ್ತಿ ಶಾಖವಾಗಿ ಹೋಗುತ್ತೆ ಅಂತ ಅಳೀರಿ ಅಂದ್ರೂ ಸಾಕು, ಒಂದು ಸೆಮಿಸ್ಟರ್ ಕೆಲಸ ಇದೆ ಅದರಲ್ಲಿ.

ಇದಕ್ಕೆ ಖರ್ಚಿಲ್ಲ ಅಂತ ಹೇಳಲ್ಲ, ಇದೆ. ಹೀಗೆ ಮೌಲ್ಯಮಾಪನ ಮಾಡೋಕೆ ಟೈಮ್ ಹಿಡಿಯುತ್ತೆ, ಒಂದು ರೆಕಾರ್ಡ್‌ಗೆ ಟಿಕ್ ಹಾಕೋಕೆ ಅರ್ಧ ನಿಮಿಷ ಸಾಕು, ಒಂದು ಎರರ್ ವಿಶ್ಲೇಷಣೆ ಓದೋಕೆ ಹತ್ತು ನಿಮಿಷ ಬೇಕು. ಹಾಗಾಗಿ ಬ್ಯಾಚ್ ಚಿಕ್ಕದಾಗಬೇಕು, ಲ್ಯಾಬ್ ಟೀಚರ್‌ಗಳು ಹೆಚ್ಚಾಗಬೇಕು, ಖಾಲಿ ಇರೋ ಹುದ್ದೆ ತುಂಬಬೇಕು. ಲ್ಯಾಬ್ ಅಟೆಂಡರ್‌ಗಳನ್ನಂತೂ ಎಲ್ಲರೂ ಮರೀತಾರೆ, ಯಾವ ಗ್ಯಾಲ್ವನೋಮೀಟರ್‌ನ ಮುಳ್ಳು ಅಂಟುತ್ತೆ, ಯಾವ ಲ್ಯಾಂಪ್ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು ಅಂತ ನಮಗಿಂತ ಚೆನ್ನಾಗಿ ಗೊತ್ತಿರೋದು ಅವರಿಗೆ, ಅವರು ರಿಟೈರ್ ಆದ್ರೆ ಆ ತಿಳುವಳಿಕೆನೂ ಅವರ ಜೊತೆ ಹೋಗುತ್ತೆ, ಹೊಸಬರನ್ನ ತಗೊಳ್ಳಲ್ಲ. ಹೊಸ ಉಪಕರಣ ಕೊಳ್ಳೋ ಮುಂಚೆ ಇರೋದನ್ನ ರಿಪೇರಿ ಮಾಡೋಕೆ ಅಂತ ಪ್ರತ್ಯೇಕ ಹಣ ಇಡಿ, ಉದ್ಘಾಟನೆಗೆ ಫೋಟೋ ಬರಲ್ಲ ನಿಜ, ಆದ್ರೆ ಮಕ್ಕಳು ಕೈ ಹಾಕೋದು ಅದಕ್ಕೇ.

ಆದ್ರೆ ಸ್ಕೀಮ್‌ನ ಆ ಒಂದು ಸಾಲು ತೆಗೆಯೋಕೆ ಮಾತ್ರ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಉಳಿದಿದ್ದು ನಿಧಾನಕ್ಕೆ ಆಗ್ಲಿ, ಇದು ಈ ಶೈಕ್ಷಣಿಕ ವರ್ಷದಲ್ಲೇ ಆಗ್ಬಹುದು.

ಫಿಸಿಕ್ಸ್ ಓದಿದವರೆಲ್ಲ ವಿಜ್ಞಾನಿ ಆಗಲ್ಲ ಅಂತ ನನಗೂ ಗೊತ್ತು. ನನ್ನ ಹಳೇ ವಿದ್ಯಾರ್ಥಿಗಳು ಬ್ಯಾಂಕಲ್ಲಿದಾರೆ, ಸಾಫ್ಟ್‌ವೇರ್‌ನಲ್ಲಿದಾರೆ, ಸ್ಕೂಲಲ್ಲಿ ಪಾಠ ಮಾಡ್ತಿದಾರೆ. ಒಬ್ಬ ಮೆಡಿಕಲ್ ಫಿಸಿಕ್ಸ್ ಕಡೆ ಹೋದ, ಈಗ ಅವನ ಕೆಲಸ ಕ್ಯಾನ್ಸರ್ ಪೇಷಂಟ್‌ಗಳಿಗೆ ಕೊಡೋ ರೇಡಿಯೇಷನ್ ಡೋಸ್ ಪ್ಲಾನ್ ಮಾಡಿದಷ್ಟೇ ಮಷೀನಿಂದ ಬರ್ತಿದ್ಯಾ ಅಂತ ಅಳೆದು ನೋಡೋದು. ಬರಬೇಕಾದ ಸಂಖ್ಯೆ ಅವನಿಗೆ ಮೊದಲೇ ಗೊತ್ತಿರುತ್ತೆ. ಮೀಟರ್ ಬೇರೆ ಏನೋ ತೋರಿಸಿದ ದಿನ ಅವನು ಯಾವುದನ್ನ ಬರೀತಾನೆ ಅನ್ನೋದರ ಮೇಲೆ ಒಬ್ಬ ಪೇಷಂಟ್‌ನ ಜೀವ ನಿಂತಿರುತ್ತೆ. ಅವನು ನಮ್ಮ ಲ್ಯಾಬಿಂದ ಹೋದವನು, ಮೂರು ವರ್ಷ ಅಲ್ಲಿ ಅವನಿಗೆ ಏನು ಅಭ್ಯಾಸ ಮಾಡ್ಸಿದ್ವಿ ಅನ್ನೋದು ನನ್ನನ್ನ ಕಾಡುತ್ತೆ. ನಿಮ್ಮನ್ನೂ ಕಾಡ್ಬೇಕು ಅಂತಲೇ ಇಷ್ಟು ಉದ್ದ ಬರೆದೆ.

ಮುಂದಿನ ಸಲ ಪ್ರಾಕ್ಟಿಕಲ್ ಸ್ಕೀಮ್ ಪರಿಷ್ಕರಣೆಗೆ ಅಂತ ಸಮಿತಿ ಕೂರಿಸಿದಾಗ ಅದರಲ್ಲಿ ವಾರವಾರ ಲ್ಯಾಬಲ್ಲಿ ನಿಂತು ಪಾಠ ಮಾಡೋ ಇಬ್ಬರು ಟೀಚರ್‌ಗಳು, ಒಬ್ಬ ಲ್ಯಾಬ್ ಅಟೆಂಡರ್, ಈಗ ತಾನೇ ಡಿಗ್ರಿ ಮುಗಿಸಿದ ಇಬ್ಬರು ವಿದ್ಯಾರ್ಥಿಗಳು ಇರ್ಲಿ ಅಂತ ಕೇಳ್ಕೊಳ್ತೀನಿ. ಅದಕ್ಕೆ ಮುಂಚೆ ನೀವೇ ಒಂದು ಮಧ್ಯಾಹ್ನ ಯಾವುದಾದ್ರೂ ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ, ಮೊದಲೇ ಹೇಳದೆ, ಬನ್ನಿ. ಯಾವುದಾದ್ರೂ ಒಂದು ಮಗುವಿನ ಪಕ್ಕ ನಿಂತು ರೆಕಾರ್ಡ್ ಬುಕ್ ತೋರ್ಸಿ, "ಈ ರೀಡಿಂಗ್ ನಿಜವಾಗಿ ಬಂದಿದ್ದಾ?" ಅಂತ ಮೆಲ್ಲಗೆ ಕೇಳಿ, ಹೇಳಿದ್ರೆ ಮಾರ್ಕ್ಸ್ ಹೋಗಲ್ಲ ಅಂತ ಭರವಸೆ ಕೊಟ್ಟು ಕೇಳಿ. ಅವರು ಹೇಳೋ ಉತ್ತರನ ಸಮಿತಿಯ ಮೊದಲ ಸಭೆಯಲ್ಲಿ ಓದಿ.

ಇಂತಿ ವಿಶ್ವಾಸದಿಂದ,
ಫಿಸಿಕ್ಸ್ ಲ್ಯಾಬಿನ ಒಬ್ಬ ಟೀಚರ್